ನಮ್ಮವರ ಹದಿನೈದು ಉತ್ತರಗಳು

ಇನ್ನೊಬ್ಬರ ದುಡ್ಡಿಗೆ ನನ್ನ ತಲೆ ಕೆಡಿಸಿಕೊಳ್ಳುವುದು ನನ್ನ ಕಸುಬು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಚೆನ್ನಾಗಿಯೇ ಮಾಡುತ್ತೇನೆ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಕಾರ್ಡಿನ ಮೇಲೆ ‘ಸಂಪತ್ತು ನಿರ್ವಹಣೆಯ ಹಿರಿಯ ಸಲಹೆಗಾರರು’ ಎಂದು ಅಚ್ಚಾಗಿದೆ. ಏನು ಕೆಲಸ ಎಂದು ಯಾರಾದರೂ ಕೇಳಿದಾಗ ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಗಮನ ಎಲ್ಲೋ ಹೋಗಿರುತ್ತದೆ. ‘ಬ್ಯಾಂಕಾ?’ ಎಂದರೆ ‘ಹೂಂ, ಹಾಗೇ ಅಂದ್ಕೊಳ್ಳಿ’ ಎಂದುಬಿಡುತ್ತೇನೆ.

ಬ್ಯಾಂಕಿನ ಕೆಲಸವಲ್ಲ ಅದು. ನಾಲ್ಕು ಕಾಸು ಕೂಡಿಟ್ಟವರು ನಮ್ಮಲ್ಲಿಗೆ ಬರುತ್ತಾರೆ. ಆ ಕಾಸನ್ನು ಎಲ್ಲಿ ಹೂಡಬೇಕು, ಎಷ್ಟು ದಿನ ಮುಟ್ಟಬಾರದು, ಯಾವಾಗ ತೆಗೆಯಬೇಕು ಎಂದು ಹೇಳುವುದು ನಾವು. ಹೇಳುವುದಕ್ಕೆ ಮೊದಲು ಕೇಳಬೇಕು. ಕೆಲಸದ ಮುಕ್ಕಾಲು ಪಾಲು ಈ ಕೇಳುವುದೇ. ನಾಲ್ಕನೇ ಮಹಡಿಯ ನನ್ನ ಕೋಣೆಯಲ್ಲಿ ದುಂಡು ಮೇಜು ಹಾಕಿಸಿದ್ದೇನೆ, ಚೌಕದ ಮೇಜಿನ ಆಚೆ ಕೂತವರಿಗೆ ಪೊಲೀಸ್ ಠಾಣೆಗೆ ಬಂದ ಹಾಗಾಗುತ್ತದೆ ಅಂತ. ಅಣ್ಣತಮ್ಮಂದಿರಿಗೆ ಗೊತ್ತಾಗದಂತೆ ದುಡ್ಡು ಮಾಡಿಟ್ಟ ಹಲ್ಲಿನ ಡಾಕ್ಟರು, ಗಂಡ ಕೊಂಡ ಷೇರುಗಳು ನೆಲಕಚ್ಚಿದರೂ ಮಾರಲು ಒಪ್ಪದ ವಿಧವೆ, ಮೂವರು ಮಕ್ಕಳಿಗೆ ಮೂರು ಥರದ ಸುಳ್ಳು ಹೇಳಿಕೊಂಡಿರುವ ನಿವೃತ್ತ ಎಂಜಿನಿಯರ್, ಎಲ್ಲರೂ ಆ ಮೇಜಿನ ಸುತ್ತ ಕೂತು ಮನೆಯಲ್ಲಿ ಬಾಯಿಬಿಡದ್ದನ್ನೆಲ್ಲ ಹೇಳಿದ್ದಾರೆ. ನನಗೆ ಈ ಕೆಲಸ ಇಷ್ಟ. ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಮೇಲೆ ಹೋಗುವಾಗ ನನ್ನ ಮುಖದಲ್ಲಿ ನಗು ಇರುತ್ತದೆಂದು ಕೆಳಗಿನ ಕಾವಲಿನವರು ಒಮ್ಮೆ ಹೇಳಿದ್ದರು.

ಕೇಳುವುದಕ್ಕೆ ನಮ್ಮಲ್ಲಿ ಒಂದು ಫಾರ್ಮಿದೆ. ಹದಿನೈದು ಪ್ರಶ್ನೆ. ನಿಮ್ಮ ದುಡ್ಡಿನಲ್ಲಿ ಮೂರನೇ ಒಂದು ಪಾಲು ಒಂದೇ ವರ್ಷದಲ್ಲಿ ಕರಗಿದರೆ ಏನು ಮಾಡುತ್ತೀರಿ? ಯಾವ ವಯಸ್ಸಿಗೆ ಕೆಲಸ ನಿಲ್ಲಿಸುತ್ತೀರಿ? ಈ ದುಡ್ಡು ನಿಮಗೆ ಯಾವಾಗ ಬೇಕು, ಯಾತಕ್ಕೆ ಬೇಕು? ಹೀಗೆ. ಉತ್ತರ ನೋಡಿ ಮನುಷ್ಯನನ್ನು ಧೈರ್ಯಸ್ಥ, ಮಧ್ಯಮ, ಪುಕ್ಕಲ ಎಂದು ಮೂರರಲ್ಲಿ ಒಂದು ಗುಂಪಿಗೆ ಹಾಕುತ್ತೇವೆ. ಪುಕ್ಕಲ ಎಂದು ಬರೆಯುವುದಿಲ್ಲ, ‘ಎಚ್ಚರಿಕೆಯ ಸ್ವಭಾವ’ ಎಂದು ಬರೆಯುತ್ತೇವೆ.

ಈಗ ನಮ್ಮ ಕಸುಬಿನವರ ಒಂದು ಕಳ್ಳ ಅಭ್ಯಾಸವನ್ನು ಹೇಳಿಬಿಡುತ್ತೇನೆ. ಮನೆಯವರ ಫಾರ್ಮನ್ನು ನಾವೇ ತುಂಬುತ್ತೇವೆ. ಯಾರ ಕೈ ಹಿಡಿದು ಕೇಳಿದರೂ ಇಲ್ಲವೆನ್ನುತ್ತಾರೆ, ಆದರೆ ಎಲ್ಲರೂ ಮಾಡುವುದು ಅದನ್ನೇ. ಗಂಡನ ಸ್ವಭಾವ ಹೆಂಡತಿಗೆ ಗೊತ್ತಿಲ್ಲವೇ, ಅದಕ್ಕೊಂದು ಪ್ರಶ್ನೆಪತ್ರಿಕೆ ಬೇರೆ ಬೇಕೇ ಎಂಬ ಧೋರಣೆ. ಹದಿನಾರು ವರ್ಷದ ಹಿಂದೆ ಒಂದು ಸಂಜೆ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಆಚೆ ಸರಿಸಿ, ಲ್ಯಾಪ್‌ಟಾಪ್ ತೆರೆದು, ನನ್ನದೂ ನಮ್ಮವರದೂ ಎರಡು ಫಾರ್ಮನ್ನು ಕಾಲು ಗಂಟೆಯಲ್ಲಿ ಮುಗಿಸಿದ್ದೆ. ನಮ್ಮವರಿಗೆ ‘ಎಚ್ಚರಿಕೆಯ ಸ್ವಭಾವ’. ಅವರು ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ನಾನು ತೋರಿಸಿದಲ್ಲಿ ಸಹಿ ಹಾಕಿ ಮತ್ತೆ ಪಾತ್ರೆಯ ಕಡೆ ಹೋದರು.

ನಮ್ಮವರು ಪಾದರಕ್ಷೆ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ಬೂಟು ಹೊಲಿಯುವುದಕ್ಕೆ ಒಳಗೆ ಪಾದದ ಆಕಾರದ ಅಚ್ಚು ಇಡುತ್ತಾರಲ್ಲ, ಆ ಅಚ್ಚುಗಳ ವಿಭಾಗ. ಮಾತು ಕಡಿಮೆ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಾರೆ, ಕೊಡಿಸಿದ ಅಂಗಿ ತೊಡುತ್ತಾರೆ. ಯಾವ ಊರಿಗೆ ಹೋಗೋಣ ಎಂದರೆ ‘ನಿನ್ನಿಷ್ಟ ಕಣೇ’ ಎನ್ನುತ್ತಾರೆ. ಇಂಥವರು ಎಚ್ಚರಿಕೆಯ ಸ್ವಭಾವದವರಲ್ಲದೆ ಇನ್ನೇನು ಎಂದುಕೊಂಡಿದ್ದೆ.

ಹೀಗಿರುವಾಗ ನಮ್ಮ ಕಚೇರಿಗೆ ನಿಯಮಪ್ಪ ಬಂದರು. ಅದು ನಾವಿಟ್ಟ ಹೆಸರು. ಕಾನೂನು ಪಾಲನೆಯ ಅಧಿಕಾರಿ ಅವರು, ಬಂದ ಮೊದಲ ವಾರವೇ ಎಲ್ಲರ ಕಡತಕ್ಕೂ ಮೂಗು ತೂರಿಸಿದರು. ಎರಡನೇ ವಾರ ಸುತ್ತೋಲೆ ಬಂತು: ಸಲಹೆಗಾರರ ಮನೆಯವರ ಫಾರ್ಮುಗಳನ್ನೆಲ್ಲ ಹೊಸದಾಗಿ ತುಂಬಿಸಬೇಕು, ಬೇರೆ ಸಲಹೆಗಾರರೇ ಎದುರು ಕೂತು ಕೇಳಬೇಕು, ಸಂಬಂಧಿಕರು ಕೋಣೆಯೊಳಗೆ ಇರಕೂಡದು. ಉತ್ತರಗಳನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ಆಮೇಲೆ ಖಾತೆ ನೋಡಿಕೊಳ್ಳುವವರು ಅದನ್ನು ಓದಿ ಸಹಿ ಹಾಕಬೇಕು. ನಾವೆಲ್ಲ ಕಾಫಿ ಯಂತ್ರದ ಹತ್ತಿರ ನಿಂತು ನಿಯಮಪ್ಪನಿಗೆ ಹಿಡಿಶಾಪ ಹಾಕಿದೆವು.

ನಮ್ಮವರ ಫಾರ್ಮು ಮರಿಮೇಡಂ ಪಾಲಿಗೆ ಬಂತು. ನನ್ನ ಕೈಕೆಳಗೆ ಐದು ವರ್ಷ ಪಳಗಿದ ಹುಡುಗಿ, ಈಗ ಅವಳದೇ ಗ್ರಾಹಕರಿದ್ದಾರೆ. ನನ್ನ ಹಾಗೆಯೇ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸುತ್ತಾಳೆಂದು ಎಲ್ಲರೂ ಅವಳನ್ನು ಹಾಗೆ ಕರೆಯುತ್ತಾರೆ. ಬುಧವಾರ ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ‘ಹತ್ತು ನಿಮಿಷದ ಕೆಲಸ, ಮುಗಿಸಿ ಬನ್ನಿ, ಒಟ್ಟಿಗೆ ಊಟ ಮಾಡೋಣ’ ಎಂದು ಅವರನ್ನು ಕೋಣೆಯೊಳಗೆ ಕಳಿಸಿ ನನ್ನ ಜಾಗಕ್ಕೆ ಬಂದೆ.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗಾಜಿನ ಗೋಡೆಯಾಚೆ ನೋಡಿದರೆ ನಮ್ಮವರು ಮಾತಾಡುತ್ತಿದ್ದಾರೆ! ಎರಡೂ ಕೈ ಗಾಳಿಯಲ್ಲಾಡಿಸಿ ಏನೋ ಆಕಾರ ತೋರಿಸುತ್ತಿದ್ದಾರೆ. ಒಮ್ಮೆ ತಮ್ಮ ಬೂಟು ಬಿಚ್ಚಿ ಮೇಜಿನ ಮೇಲೇ ಇಟ್ಟರು. ಮರಿಮೇಡಂ ಮುಖ ಮುಂದಕ್ಕೆ ಚಾಚಿ ಕೇಳುತ್ತಿದ್ದಾಳೆ, ಬರೆಯುತ್ತಿದ್ದಾಳೆ, ಹಾಳೆ ತಿರುವುತ್ತಿದ್ದಾಳೆ. ಎಪ್ಪತ್ತು ನಿಮಿಷ ಕಳೆದ ಮೇಲೆ ನಮ್ಮವರು ಹೊರಗೆ ಬಂದು ‘ಊಟ ಇನ್ನೊಂದಿನ ಮಾಡೋಣ, ಹೊತ್ತಾಯ್ತು’ ಎಂದವರೇ ನನ್ನ ಕಣ್ಣು ತಪ್ಪಿಸಿ ಲಿಫ್ಟು ಹತ್ತಿದರು.

ಮರಿಮೇಡಂ ಫಾರ್ಮನ್ನು ತಂದು ನನ್ನ ಮುಂದಿಟ್ಟಳು. ‘ಮೇಡಂ, ಓದಿ. ಆಮೇಲೆ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ನನ್ನ ಕೇಳ್ಬೇಡಿ, ಅವರನ್ನೇ ಕೇಳಿ.’

ಮೂರನೇ ಒಂದು ಪಾಲು ಕರಗಿದರೆ ಏನು ಮಾಡುತ್ತೀರಿ? ‘ಏನೂ ಮಾಡಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತೀನಿ.’ ಅತ್ಯಂತ ಧೈರ್ಯಸ್ಥರಿಗೆ ಮಾತ್ರ ಸಿಗುವ ಅಂಕ. ನಷ್ಟಕ್ಕೆ ಹೆದರುತ್ತೀರಾ? ‘ಆಗದೆ ಉಳಿದ ಕೆಲಸಕ್ಕೆ ಹೆದರ್ತೀನಿ.’ ಹದಿನೈದನೆಯದು, ಈ ದುಡ್ಡು ಯಾವಾಗ ಬೇಕು, ಯಾತಕ್ಕೆ ಬೇಕು? ಹದಿನಾರು ವರ್ಷದಿಂದ ಅಲ್ಲಿ ನನ್ನ ಅಕ್ಷರದಲ್ಲಿ ‘ನಿವೃತ್ತಿಗೆ’ ಎಂದಿತ್ತು. ಈಗ ಮರಿಮೇಡಂ ಒಂದು ಪುಟ ತುಂಬಿಸಿದ್ದಳು.

‘ಈ ತಿಂಗಳೇ ಬೇಕು. ಒಬ್ಬರು ವಯಸ್ಸಾದ ಮೇಷ್ಟ್ರಿದ್ದಾರೆ. ಅಂಗಡೀಲಿ ಸಿಗೋ ಯಾವ ಅಳತೆಯೂ ಆಗದ ಕಾಲಿರೋರಿಗೆ ಒಂದೊಂದೇ ಜೊತೆ ಬೂಟು ಮಾಡ್ಕೊಡ್ತಾರೆ. ಕೈ ನಡುಗುತ್ತೆ, ಬರೋ ಮಂಗಳವಾರ ಬಾಗಿಲು ಹಾಕ್ತಾರೆ. ಯಾರೂ ತಗೊಳ್ದಿದ್ರೆ ಯಂತ್ರಗಳು ಗುಜರಿಗೆ, ನಾನೂರು ಜೊತೆ ಮರದಚ್ಚು ಒಲೆಗೆ. ಎರಡು ವರ್ಷದಿಂದ ಶನಿವಾರ ಅಲ್ಲಿಗೆ ಹೋಗಿ ಕಲೀತಿದ್ದೀನಿ. ನನ್ನ ಉಳಿತಾಯದಲ್ಲಿ ಅರ್ಧ ಸಾಕು. ಮನೇಲಿ ಹೇಳಿಲ್ಲ.’

ನನ್ನ ಪಿತ್ತ ನೆತ್ತಿಗೇರಿತು. ಶನಿವಾರ ಕಾರ್ಖಾನೆಯಲ್ಲಿ ಹೆಚ್ಚುವರಿ ಕೆಲಸ ಎಂದು ಎರಡು ವರ್ಷದಿಂದ ನನ್ನ ಕಿವಿಗೆ ಹೂವಿಟ್ಟಿದ್ದರು! ಬೇರೆ ಊರಿನಲ್ಲಿರುವ ಮಗಳಿಗೆ ಫೋನು ಹಚ್ಚಿದೆ. ‘ನಿಮ್ಮಪ್ಪ ಏನ್ ಮಾಡ್ತಿದಾರೆ ಗೊತ್ತಾ?’ ಎಂದು ನಾನು ಶುರು ಮಾಡುವಷ್ಟರಲ್ಲೇ ಅವಳು, ‘ಬೂಟಿನ ವಿಷಯಾನಾ? ಅಯ್ಯೋ, ನಿಂಗೆ ಈಗ ಗೊತ್ತಾಯ್ತಾ?’ ಎಂದಳು. ಅವಳಿಗೂ ಗೊತ್ತು. ಗುರುತು ಪರಿಚಯವಿಲ್ಲದ ನಾನೂರು ಮನೆಯ ಗುಟ್ಟು ನನ್ನ ಹತ್ತಿರ ಇದೆ, ನನ್ನ ಮನೆಯದೊಂದೇ ಇಲ್ಲ.

ಆ ಸಂಜೆ ನಮ್ಮವರು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದರು. ನಾನು ಚಪ್ಪಲಿ ಕೂಡ ಬಿಡದೆ ಎದುರು ಹೋಗಿ ನಿಂತೆ.

‘ಆ ಹುಡುಗಿಗೆ ಹೇಳೋದಕ್ಕೆ ಎಪ್ಪತ್ತು ನಿಮಿಷ ಸಿಕ್ತು. ನನಗೆ ಹೇಳೋಕೆ ಎರಡು ವರ್ಷ ಸಾಕಾಗ್ಲಿಲ್ವಾ ರೀ?’

ಅವರು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿ ಕೆಳಗಿಟ್ಟರು. ‘ಅವಳು ಕೇಳಿದ್ಲು’ ಎಂದರು.

‘ನಾನು ಕೇಳಿಲ್ವಾ?’

‘ಯಾವತ್ತು ಕೇಳಿದ್ದೀಯ ಹೇಳು ನೋಡೋಣ. ನೀನು ಹೇಳ್ತೀಯ. ನಿಮಗೆ ಇದು ಸರಿಹೋಗಲ್ಲ, ನಿಮಗೆ ಅದು ಇಷ್ಟ ಆಗಲ್ಲ ಅಂತ. ತೊಂಬತ್ತು ಪಾಲು ಸರಿಯಾಗೇ ಹೇಳ್ತೀಯ, ಅದಕ್ಕೇ ನಾನೂ ಸುಮ್ನಿರ್ತೀನಿ.’

ಬೇರೆ ಯಾರಾದರೂ ಹೀಗೆಂದಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಅವತ್ತು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ. ಅವರೇ ಮುಂದುವರಿಸಿದರು. ಕಾರ್ಖಾನೆಗೆ ಬರುವ ದೂರಿನ ಪತ್ರಗಳಿಗೆ ಉತ್ತರ ಬರೆಯುವ ಕೆಲಸವೂ ಅವರದಂತೆ. ಒಂದು ಕಾಲು ಚಿಕ್ಕದು ಒಂದು ದೊಡ್ಡದು, ಬೆರಳು ಸೊಟ್ಟ, ಅಪಘಾತದಲ್ಲಿ ಹಿಮ್ಮಡಿ ಹೋಗಿದೆ, ನಮಗೆ ಬೂಟು ಕೊಡಿ ಎಂದು ಜನ ಬರೆಯುತ್ತಾರೆ. ಕ್ಷಮಿಸಿ, ನಾವು ಇಷ್ಟೇ ಅಳತೆ ಮಾಡುವುದು ಎಂದು ಹನ್ನೊಂದು ವರ್ಷದಿಂದ ಅವರಿಗೆಲ್ಲ ಬರೆದು ಬರೆದು ಸಾಕಾಗಿದೆಯಂತೆ.

‘ಆದ್ರೆ ಅದನ್ನೇ ನನ್ ಹತ್ರ ಹೇಳೋಕೇನು ಕಷ್ಟ?’

‘ಐವತ್ತೆಂಟಕ್ಕೆ ಕೆಲಸ ಬಿಡ್ಬೇಕು ಅಂತ ಆಸೆ ಇಟ್ಕೊಂಡಿದೀಯಲ್ಲ. ಇನ್ನು ನಾಲ್ಕು ವರ್ಷ. ಈ ದುಡ್ಡು ತೆಗೆದ್ರೆ ಅದು ಮುಂದಕ್ಕೆ ಹೋಗುತ್ತೆ, ಅಷ್ಟು ಲೆಕ್ಕ ನಂಗೂ ಬರುತ್ತೆ. ಹೋದ ಸಲ ನೀನು ಜ್ವರದಲ್ಲೇ ಎದ್ದು ಕಚೇರಿಗೆ ಹೋದಾಗ ಅಂದ್ಕೊಂಡೆ, ಇವಳ ವಿಶ್ರಾಂತೀನ ನಾನು ಕಿತ್ಕೋಬಾರ್ದು ಅಂತ. ಆ ಹುಡುಗಿ ಕೇಳಿದ್ದಕ್ಕೆ ಬಾಯಿ ಜಾರ್ತು. ಬಿಡು, ಅದು ಆಸೆ ಅಷ್ಟೇ, ಫಾರ್ಮ್ ಹರಿದು ಹಾಕು.’

‘ಹರಿದು ಹಾಕಿದ್ರೆ ನಿಯಮಪ್ಪ ನನ್ನನ್ನ ಹರಿದು ಹಾಕ್ತಾರೆ’ ಎಂದೆ. ಅವರು ನಕ್ಕರು. ನನಗೆ ಇನ್ನೂ ಕೋಪ ಇತ್ತು, ಆದರೆ ಅದರ ಮೊನೆ ನನ್ನ ಕಡೆಗೇ ತಿರುಗಿತ್ತು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಶುಕ್ರವಾರ ಸಂಜೆ ಹೇಳಿದೆ: ‘ನೋಡದೆ ನಾನು ಯಾರಿಗೂ ಸಲಹೆ ಕೊಡಲ್ಲ. ನಾಳೆ ನಾನೂ ಬರ್ತೀನಿ.’

ಆ ಕಾರ್ಯಾಗಾರ ಒಂದು ಲಾಂಡ್ರಿಯ ಹಿಂದೆ ಇತ್ತು. ಮೂರು ಮೆಟ್ಟಿಲು ಹತ್ತಿದರೆ ತಗ್ಗು ಮಾಡಿನ ಉದ್ದನೆಯ ಕೋಣೆ, ಚರ್ಮ ಮತ್ತು ಅಂಟಿನ ವಾಸನೆ. ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಮರದ ಪಾದಗಳು. ಒಂದರಂತೆ ಒಂದಿಲ್ಲ. ಪ್ರತಿಯೊಂದರ ಹಿಮ್ಮಡಿಯ ಮೇಲೂ ಪೆನ್ಸಿಲಿನಲ್ಲಿ ಒಬ್ಬೊಬ್ಬರ ಹೆಸರು. ಮೇಷ್ಟ್ರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಎಂಬತ್ತು ದಾಟಿದೆ, ಕಣ್ಣು ಮಾತ್ರ ಚುರುಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮ್ಮ ಬೂಟು ಬಿಗಿ ಇದೆಯಮ್ಮ’ ಎಂದರು. ಬಿಗಿ ಇತ್ತು. ಯಾರಿಗೂ ಹೇಳಿರಲಿಲ್ಲ.

ಬೂಟು ಮಾಡಿಸಲು ಬಂದಿದ್ದವಳು ಮನೆಮನೆಗೆ ಪತ್ರ ಹಂಚುವ ಹೆಂಗಸು. ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ನಮ್ಮವರು ಅವಳ ಮುಂದೆ ಮೊಣಕಾಲೂರಿ ಕೂತರು. ಹೊಸ ಜೊತೆ ಸಿದ್ಧವಿತ್ತು, ಆದರೆ ತೊಡಿಸುವ ಅವಸರ ಅವರಿಗಿರಲಿಲ್ಲ.

‘ಸಂಜೆ ಹೊತ್ತಿಗೆ ಎಲ್ಲಿ ನೋಯುತ್ತಮ್ಮ?’

‘ಸೊಂಟ.’

‘ಮೆಟ್ಟಿಲು ಹತ್ತೋವಾಗ ಜಾಸ್ತಿನಾ, ಇಳಿಯೋವಾಗ ಜಾಸ್ತಿನಾ?’

ಆ ಹೆಂಗಸು ಯೋಚಿಸಿದಳು. ನಮ್ಮವರು ಸುಮ್ಮನೆ ಕಾದರು. ಉತ್ತರವನ್ನು ಅವಳ ಬಾಯಿಗಿಡಲಿಲ್ಲ, ಗಡಿಯಾರ ನೋಡಲಿಲ್ಲ. ‘ಇಳಿಯೋವಾಗ’ ಎಂದಳು ಕೊನೆಗೆ. ‘ಇದನ್ನ ಯಾರೂ ಕೇಳೇ ಇರ್ಲಿಲ್ಲ.’ ಅವರು ಎಡಗಾಲಿನ ಬೂಟನ್ನು ತೆಗೆದುಕೊಂಡು ಹೋಗಿ ಹಿಮ್ಮಡಿಯ ಕಡೆ ಒಂದು ತೆಳು ಪದರ ಸೇರಿಸಿ, ಉಜ್ಜಿ, ಮತ್ತೆ ತಂದು ತೊಡಿಸಿದರು. ಅವಳು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದಳು. ಬಾಗಿಲಾಚೆಯ ಮೂರು ಮೆಟ್ಟಿಲು ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಆಮೇಲೆ ಬೀದಿಯಲ್ಲೇ ನಿಂತು ಜೋರಾಗಿ ನಕ್ಕಳು.

ಇಪ್ಪತ್ತಾರು ವರ್ಷ ನಾನು ಹೊಸಬರಿಗೆ ಕಲಿಸಿದ್ದು ಇದನ್ನೇ: ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ನನ್ನ ಮನೆಯಲ್ಲೇ ಇದನ್ನು ನನಗಿಂತ ಚೆನ್ನಾಗಿ ಮಾಡುವ ಒಬ್ಬರಿದ್ದರು, ನಾನು ಅವರಿಗೆ ‘ಎಚ್ಚರಿಕೆಯ ಸ್ವಭಾವ’ ಎಂದು ಚೀಟಿ ಅಂಟಿಸಿದ್ದೆ. ನಾಚಿಕೆಯಾಯಿತು. ಅದರ ಜೊತೆಗೆ, ನಿಜ ಹೇಳಬೇಕೆಂದರೆ, ಮದುವೆಯಾದ ಹೊಸದರಲ್ಲಿ ಆಗುತ್ತಿದ್ದಂಥ ಒಂದು ಹೆಮ್ಮೆಯೂ ಆಯಿತು.

ಕಸುಬು ಬಿಡುತ್ತದೆಯೇ? ಮೇಷ್ಟ್ರ ಪಕ್ಕ ಕೂತು ಬಾಡಿಗೆ ಎಷ್ಟು, ಚರ್ಮ ಎಲ್ಲಿಂದ, ತಿಂಗಳಿಗೆ ಎಷ್ಟು ಜೊತೆ ಎಂದು ಒಂದೊಂದಾಗಿ ಕೇಳಿದೆ. ಏಳು ತಿಂಗಳಿಗಾಗುವಷ್ಟು ಜನ ಸರದಿಯಲ್ಲಿದ್ದರು. ಲಾಭ ದೊಡ್ಡದಲ್ಲ, ಆದರೆ ಮುಳುಗುವ ದೋಣಿಯೂ ಅಲ್ಲ.

ಸೋಮವಾರ ಬೆಳಿಗ್ಗೆ ನಿಯಮಪ್ಪನ ಕೋಣೆಗೆ ಹೋಗಿ, ಗಂಡನ ಖಾತೆಯನ್ನು ಇನ್ನು ನಾನು ನೋಡಿಕೊಳ್ಳುವುದು ಸರಿಯಲ್ಲ, ಮರಿಮೇಡಂ ಹೆಸರಿಗೆ ವರ್ಗಾಯಿಸಿ, ಅವರು ಕೇಳಿದ ದುಡ್ಡು ಬಿಡಿಸಿಕೊಡಿ ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ತಾವು ಕೇಳದೆಯೇ ನಿಯಮ ಪಾಲಿಸಿದವರನ್ನು ಅವರು ಮೊದಲ ಸಲ ನೋಡಿದ್ದಿರಬೇಕು. ‘ಹಾಗಾದ್ರೆ ನಿಮ್ಮ ಫಾರ್ಮೂ ಆಗ್ಲೇಬೇಕು. ಇವತ್ತೇ’ ಎಂದರು. ದಂಪತಿಯ ಲೆಕ್ಕ ಒಟ್ಟಿಗೆ ಹಾಕದೆ ದುಡ್ಡು ಬಿಡುವಂತಿಲ್ಲ, ಮೇಷ್ಟ್ರು ಬಾಗಿಲು ಹಾಕುವುದು ಮಂಗಳವಾರ.

ಹೀಗೆ ನಾನು ನನ್ನದೇ ದುಂಡು ಮೇಜಿನ ಆಚೆ ಬದಿಗೆ ಕೂತೆ. ಆ ಕಡೆಯ ಕುರ್ಚಿ ಸ್ವಲ್ಪ ಕುಂಟುತ್ತದೆ ಎಂದು ಆವತ್ತು ಗೊತ್ತಾಯಿತು. ಮರಿಮೇಡಂ ಒಂದೊಂದೇ ಪ್ರಶ್ನೆ ಕೇಳಿದಳು, ನಾನು ಪಟಪಟನೆ ಹೇಳಿದೆ. ‘ಯಾವ ವಯಸ್ಸಿಗೆ ಕೆಲಸ ನಿಲ್ಲಿಸ್ಬೇಕು ಅಂತಿದೀರಿ?’

‘ಐವತ್ತೆಂಟು.’

‘ಯಾಕೆ ಮೇಡಂ ಐವತ್ತೆಂಟು?’

ಅವಳು ಕಾದಳು, ನಾನೇ ಕಲಿಸಿದ್ದು. ನಾನು ಕಿಟಕಿಯಾಚೆ ಸಿಗ್ನಲ್ಲಿನಲ್ಲಿ ನಿಂತ ವಾಹನಗಳನ್ನು ನೋಡುತ್ತ, ಊಟದ ಮೇಜಿನ ಮೇಲೆ ಫಾರ್ಮು ತುಂಬಿದ ಆ ಸಂಜೆಯನ್ನು ನೆನಪಿಸಿಕೊಂಡೆ. ಆಗಿನ ಫಾರ್ಮಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ತಾನಾಗಿ ಐವತ್ತೆಂಟು ಎಂದು ತುಂಬಿಕೊಳ್ಳುತ್ತಿತ್ತು. ಅವಸರದಲ್ಲಿ ನಾನು ಅದನ್ನು ಖಾಲಿ ಬಿಟ್ಟಿದ್ದೆ. ಮುಂದೆ ಪ್ರತಿ ವರ್ಷದ ವರದಿಯಲ್ಲೂ ಅದೇ ಅಂಕಿ ಅಚ್ಚಾಗಿ ಬಂತು. ನೋಡಿ ನೋಡಿ ನಾನೂ ನಂಬಿದೆ. ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ, ಅತ್ತಿಗೆ ನಾದಿನಿಯರಿಗೆಲ್ಲ ಹೇಳಿದೆ. ನಮ್ಮವರು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕಾಯ್ದದ್ದು ನನ್ನ ಆಸೆಯನ್ನಲ್ಲ, ಒಂದು ಕಂಪ್ಯೂಟರಿನ ಆಸೆಯನ್ನು.

‘ಯಾಕೋ ಗೊತ್ತಿಲ್ಲ ಕಣಮ್ಮ’ ಎಂದೆ. ‘ಸುಮ್ನೆ ಹಾಗೇ ಇದೆ. ಲೆಕ್ಕ ಹಾಕು ನೋಡೋಣ.’

ಅವಳು ಲೆಕ್ಕ ಹಾಕಿದಳು. ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ಕೆಟ್ಟ ಸುದ್ದಿ ಹೇಳುವ ಮೊದಲು ನೀರು ಇಡಬೇಕೆಂದು ಅವಳಿಗೆ ಹೇಳಿಕೊಟ್ಟವಳು ನಾನೇ.

‘ಸಾರ್ ದುಡ್ಡು ತೆಗೀಬಹುದು ಮೇಡಂ. ಆದ್ರೆ... ನೀವು ಇನ್ನೂ ನಾಲ್ಕು ವರ್ಷ ಜಾಸ್ತಿ ಕೆಲಸ ಮಾಡ್ಬೇಕಾಗುತ್ತೆ. ಅರವತ್ತೆರಡರವರೆಗೆ.’ ಹೇಳಿ ಅವಳು ಮುಖವನ್ನು ಹದವಾಗಿ ಸಣ್ಣದು ಮಾಡಿಕೊಂಡಳು. ಅದನ್ನೂ ನಾನೇ ಕಲಿಸಿದ್ದು.

ನಾಲ್ಕು ವರ್ಷ. ಇನ್ನೂರು ಸೋಮವಾರ. ಆ ಹಲ್ಲಿನ ಡಾಕ್ಟರು, ಆ ವಿಧವೆ, ಆ ಎಂಜಿನಿಯರ್, ಅವರ ಮಕ್ಕಳು, ಇನ್ನೂ ಬಾಗಿಲು ತಟ್ಟದ ಎಷ್ಟೋ ಜನ. ನನಗೆ ಬಂದ ಖುಷಿಯನ್ನು ಎಲ್ಲಿಡಲಿ ಎಂದು ತಿಳಿಯಲಿಲ್ಲ. ಲೋಟವನ್ನೆತ್ತಿ ಗಟಗಟನೆ ಕುಡಿದೆ, ಮುಖ ಕಾಣಬಾರದೆಂದು. ಮರಿಮೇಡಂ ಗಾಬರಿಯಾಗಿ ‘ಇನ್ನೊಂದು ಲೋಟ ತರ್ಲಾ?’ ಎಂದಳು.

ಸಹಿ ಹಾಕಿ, ಹೊರಗೆ ಬಂದು, ನಮ್ಮವರಿಗೆ ಫೋನು ಮಾಡಿದೆ. ಹಿಂದೆ ಕಾರ್ಖಾನೆಯ ಯಂತ್ರಗಳ ಸದ್ದು ಕೇಳುತ್ತಿತ್ತು.

‘ಆಯ್ತು ರೀ. ನಾಳೆ ದುಡ್ಡು ಸಿಗುತ್ತೆ. ನಾನು ನಾಲ್ಕು ವರ್ಷ ಜಾಸ್ತಿ ದುಡೀಬೇಕಂತೆ.’

ಆ ಕಡೆಯಿಂದ ಅವರು ಸಣ್ಣ ದನಿಯಲ್ಲಿ, ‘ಬೇಡ ಬಿಡು ಕಣೇ. ನಾಲ್ಕು ವರ್ಷ ಅಂದ್ರೆ ತುಂಬಾ ಆಯ್ತು’ ಎಂದರು.

‘ನೀವು ಬಿಟ್ರೆ ನಾನು ಬಿಡಲ್ಲ. ನಂಗೆ ಮನೇಲಿ ಕೂರೋ ಆಸೆ ಯಾವತ್ತೂ ಇರ್ಲಿಲ್ಲ ರೀ. ನನ್ನನ್ನೂ ಯಾರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ.’ ‘ಈಗ ನಾನು ಒಂದು ಪ್ರಶ್ನೆ ಕೇಳ್ತೀನಿ. ಹೇಳೋವರೆಗೂ ಫೋನ್ ಇಡಲ್ಲ. ಅರ್ಧ ಸಾಕು ಅಂತ ಬರೆಸಿದ್ದೀರಲ್ಲ, ನಿಜವಾಗ್ಲೂ ಸಾಕಾ?’

ನಾನು ಕಾದೆ. ‘ನಿನ್ನಿಷ್ಟ’ ಎನ್ನುತ್ತಾರೇನೋ ಎಂದು ಹೆದರಿಕೆ ಇತ್ತು.

‘ಸಾಕಾಗಲ್ಲ’ ಎಂದರು ನಮ್ಮವರು. ‘ಹೊಲಿಗೆ ಯಂತ್ರ ಒಂದು ತೀರಾ ಹಳೇದು. ಹೊಸದು ಬೇಕು.’